ಮೊದಲ ಹಾಲು ಯಾರ ಪಾಲು?

ಶ್ರಾವಕನ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ನೀರಿನ ಕೊಡದ ಬಾಯಿಗೆ ಸೋಸುವ ಬಟ್ಟೆ ಇರುತ್ತದೆ. ಸೂರ್ಯ ಮುಳುಗುವ ಮೊದಲೇ ಅಡುಗೆಮನೆಯ ಕೆಲಸ ಮುಗಿದಿರುತ್ತದೆ. ಬೇಳೆಕಾಳು ಹಸನು ಮಾಡುವ ಕೈ ಒಂದು ನುಸಿಗೂ ನೋವಾಗದಂತೆ ಎಚ್ಚರ ವಹಿಸಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳ ಬಗೆಗೂ ಇಷ್ಟು ಕಾಳಜಿ ತೋರುವ ಮನೆಯಲ್ಲಿ, ಕಣ್ಣೆದುರಿಗೇ ಕೈಕಾಲು ಬಡಿದು ಅಳುವ ಪಂಚೇಂದ್ರಿಯ ಜೀವವೊಂದನ್ನು ಮೂರು ದಿನ ಅದರ ಆಹಾರದಿಂದ ದೂರವಿಡುವುದುಂಟೆ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದೇ ನಾವೆಲ್ಲರೂ ಹೇಳುತ್ತೇವೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಅದು ನನ್ನ ಮನೆತನದಲ್ಲಿಯೇ ನಡೆಯಿತು. ನಾನು ಅಲ್ಲಿಯೇ ಇದ್ದೆ.

ಇಂಥ ವಿಷಯವನ್ನು ಗಂಡಸೊಬ್ಬನು ಧಾರ್ಮಿಕ ಪತ್ರಿಕೆಯಲ್ಲಿ ಬರೆಯಬಹುದೇ ಎಂಬ ಸಂಕೋಚ ನನಗೂ ಇತ್ತು. ಆದರೆ 'ಇದು ಹೆಂಗಸರ ವಿಷಯ' ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತದ್ದೇ ಅಂದು ನಾನು ಮಾಡಿದ ತಪ್ಪು. ಆದುದರಿಂದ ಈ ಬರಹವನ್ನು ಉಪದೇಶವೆಂದು ತಿಳಿಯದೆ ಒಬ್ಬ ಗೃಹಸ್ಥನ ಆಲೋಚನೆಯೆಂದು, ಎಂದರೆ ತನ್ನ ದೋಷವನ್ನು ತಾನೇ ಹೇಳಿಕೊಳ್ಳುವ ಮಾತೆಂದು, ಓದುಗರು ಸ್ವೀಕರಿಸಬೇಕಾಗಿ ವಿನಂತಿ.

1986ರ ಚಳಿಗಾಲ. ನನ್ನ ಧರ್ಮಪತ್ನಿಯ ತವರು ಔರಾದ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ. ಭಾಲ್ಕಿಯಲ್ಲಿ ನನ್ನ ಕಿರಾಣಿ ಅಂಗಡಿ. ಹೆಣ್ಣು ಕೂಸು ಹುಟ್ಟಿತೆಂಬ ಸುದ್ದಿ ಬಂದಾಗ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಹೆರಿಗೆ ಸುಸೂತ್ರವಾಗಿತ್ತು. ಸೂಲಗಿತ್ತಿ ಅನುಭವಸ್ಥೆ, ಕೂಸು ಗಟ್ಟಿಯಾಗಿ ಅತ್ತಿತ್ತು. ಆದರೆ ತಾಯಿಯ ಎದೆಯಲ್ಲಿ ಮೊದಲು ಜಿನುಗಿದ ಹಳದಿ ಬಣ್ಣದ ಮಂದ ಹಾಲನ್ನು ಬಟ್ಟೆಯಲ್ಲಿ ಹಿಂಡಿ ಚೆಲ್ಲಿದರು. 'ಅದು ಗಿಣ್ಣ, ಕೂಸಿಗೆ ಅರಗುವುದಿಲ್ಲ, ಶುದ್ಧವೂ ಅಲ್ಲ. ಮೂರು ದಿನ ಕಳೆಯಲಿ' ಎಂದರು. ಅಲ್ಲಿಯವರೆಗೆ ಅರಳೆಯನ್ನು ಬೆಲ್ಲದ ನೀರಿನಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಂಡಿದರು. ನೆರೆಮನೆಗಳಲ್ಲಿ ಜೇನು ನೆಕ್ಕಿಸುತ್ತಿದ್ದರು. ನಮ್ಮಲ್ಲಿ ಮಧು ನಿಷಿದ್ಧವಾದುದರಿಂದ ಬೆಲ್ಲ. ಎರಡನೆಯ ದಿನ ಆಡಿನ ಹಾಲು ತರಿಸಿದರು.

ಆ ಆಡಿನ ಹಾಲನ್ನು ತಂದವನು ನಾನೇ. ಆಡು, ಆಕಳು, ಎಮ್ಮೆಗಳು ಈದ ಮೇಲೆ ಇಷ್ಟಿಷ್ಟು ದಿನ ಅವುಗಳ ಹಾಲು ಅಭಕ್ಷ್ಯವೆಂಬ ನಿಯಮ ನಮ್ಮ ಮನೆಗಳಿಗೆ ತಿಳಿದದ್ದೇ: ಎಮ್ಮೆಯದು 15 ದಿನ, ಆಕಳಿನದು 10 ದಿನ, ಆಡಿನದು 8 ದಿನ. ನಾನು ಆಡಿನ ಒಡೆಯನ ಮನೆಯ ಮುಂದೆ ನಿಂತು, ಆಡು ಈದು ಎಂಟು ದಿನ ಕಳೆದಿದೆಯೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ನನ್ನ ಕೂಸು ಎಷ್ಟು ತಾಸಿನಿಂದ ಹಸಿದಿದೆ ಎಂದು ಯಾರನ್ನೂ ಒಮ್ಮೆಯೂ ಕೇಳಲಿಲ್ಲ.

ಐದನೆಯ ದಿನ ಕೂಸಿಗೆ ಭೇದಿ ಹತ್ತಿತು. ಜೀಪು ಮಾಡಿಕೊಂಡು ಬೀದರಕ್ಕೆ ಒಯ್ದೆವು. ಒಂಬತ್ತನೆಯ ದಿನ ಅದು ತೀರಿಕೊಂಡಿತು. ಹೆಸರಿಡುವ ದಿನ ಇನ್ನೂ ಬಂದಿರಲಿಲ್ಲ. ಆಡಿನ ಹಾಲಿನಿಂದಲೇ, ಬೆಲ್ಲದ ನೀರಿನಿಂದಲೇ ಹೀಗಾಯಿತೆಂದು ತೀರ್ಪು ಕೊಡಲು ನಾನು ವೈದ್ಯನಲ್ಲ. ಆಯುಷ್ಯಕರ್ಮ ಅಷ್ಟೇ ಇತ್ತೆಂದು ಹಿರಿಯರು ಸಮಾಧಾನ ಹೇಳಿದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕರ್ಮಸಿದ್ಧಾಂತವು ಹೋದ ಜೀವದ ಲೆಕ್ಕವನ್ನು ಮಾತ್ರ ಹೇಳುವುದಿಲ್ಲ; ಉಳಿದವರು ಕಟ್ಟಿಕೊಂಡ ಕರ್ಮದ ಲೆಕ್ಕವನ್ನೂ ಹೇಳುತ್ತದೆ. ಮುಂದಿನ ಕೆಲವು ದಿನ ನನ್ನ ಧರ್ಮಪತ್ನಿ ಎದೆ ಕಟ್ಟಿ, ಜ್ವರ ಬಂದು, ನೋವು ತಾಳಲಾರದೆ ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳು. ಆಗ ಅವಳು ಆಡಿದ್ದು ಒಂದೇ ಮಾತು: 'ಹಾಲು ಇತ್ತು. ನನ್ನ ಹತ್ತಿರ ಹಾಲು ಇತ್ತು.'

ಕೆಲವು ವರ್ಷಗಳ ಅನಂತರ ಎರಡನೆಯ ಮಗಳು ಬೀದರದ ಆಸ್ಪತ್ರೆಯೊಂದರಲ್ಲಿ ಹುಟ್ಟಿದಳು. ಅಲ್ಲಿಯ ದಾದಿಯೊಬ್ಬರು ಯಾರ ಅಪ್ಪಣೆಯನ್ನೂ ಕಾಯದೆ ಕೂಸನ್ನು ತಾಯಿಯ ಎದೆಗೆ ಹಚ್ಚಿಬಿಟ್ಟರು. ಆ ಕೂಸು ಚೆನ್ನಾಗಿ ಬೆಳೆಯಿತು. ಆದರೂ ಮೊದಲ ಸಲ ನಡೆದದ್ದಕ್ಕೆ ಏನೆಂದು ಹೆಸರಿಡಬೇಕೆಂಬುದು ನನಗೆ ತಿಳಿದದ್ದು 1994ರ ದಶಲಕ್ಷಣ ಪರ್ವದಲ್ಲಿ. ಪರ್ವದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದುತ್ತೇವಲ್ಲವೇ? ಉತ್ತಮ ತಪದ ದಿನ, ಏಳನೆಯ ಅಧ್ಯಾಯ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಅಲ್ಲಿ ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಐದನೆಯದು ಅನ್ನಪಾನನಿರೋಧ, ಎಂದರೆ ನಮ್ಮ ಆಶ್ರಯದಲ್ಲಿರುವ ಜೀವಕ್ಕೆ ಸಲ್ಲಬೇಕಾದ ಆಹಾರಪಾನವನ್ನು ತಡೆಯುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಆಹಾರವನ್ನು ತಡೆಯುವುದನ್ನು ಇದೇ ಸಾಲಿನಲ್ಲಿ ಎಣಿಸುತ್ತದೆ. ಈ ಸೂತ್ರವನ್ನು ಓದಿದಾಗಲೆಲ್ಲ ನಾವು ಗಾಡಿಯ ಎತ್ತನ್ನೂ ಅಂಗಡಿಯ ಆಳನ್ನೂ ನೆನೆಯುತ್ತೇವೆ. ಆ ದಿನ ನನಗೆ ನೆನಪಾದದ್ದು ಔರಾದದ ಬಾಣಂತಿ ಕೋಣೆ. ಅಧ್ಯಾಯವನ್ನು ಪೂರ್ಣಗೊಳಿಸಲು ನನ್ನಿಂದ ಆಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಮುಂದುವರಿಸಿದರು.

ಅಂದಿನಿಂದ ಈ ಗಿಣ್ಣದ ಪ್ರಶ್ನೆಯನ್ನು ನಾನು ಬಿಡಲಿಲ್ಲ. ಈದ ಪಶುವಿನ ಹಾಲನ್ನು ನಾವೇಕೆ ಮುಟ್ಟುವುದಿಲ್ಲ? ಅಶುದ್ಧವೆಂದು ಕಾರಣ ಹೇಳುವುದು ರೂಢಿ. ಆದರೆ ನನ್ನ ತಾಯಿ ಬಾಲ್ಯದಲ್ಲಿ ನನಗೆ ಹೇಳಿದ್ದ ಕಾರಣ ಬೇರೆ. ಊರಿನ ಗೆಳೆಯರ ಮನೆಗಳಲ್ಲಿ ಗಿಣ್ಣ ಕಾಯಿಸಿ ಬೆಲ್ಲ ಹಾಕಿ ತಿನ್ನುವುದನ್ನು ಕಂಡು ನಾನು ಹಟ ಹಿಡಿದಾಗ ಅವಳು, 'ಅದು ಕರುವಿನ ಪಾಲು. ನಾವು ಉಂಡರೆ ಕರು ಏನು ಉಣಬೇಕು?' ಎಂದಿದ್ದಳು. ಆ ಮಾತಿನಲ್ಲಿ ಅಹಿಂಸೆಯೂ ಇದೆ, ಅಚೌರ್ಯವೂ ಇದೆ. ಗಿಣ್ಣ ನಮಗೆ ವರ್ಜ್ಯ, ಏಕೆಂದರೆ ಅದಕ್ಕೆ ಹಕ್ಕುದಾರನೊಬ್ಬನಿದ್ದಾನೆ. ಹಾಗಾದರೆ ನಮ್ಮ ಮನೆಯ ಬಾಣಂತಿಯ ಮೊದಲ ಹಾಲಿಗೆ ಹಕ್ಕುದಾರರು ಯಾರು? ಕರುವಿನ ಪಾಲನ್ನು ಕಾಯಲು ಹುಟ್ಟಿದ ನಿಯಮವನ್ನು ತಿರುವಿ ಹಾಕಿ, ಅದೇ ನಿಯಮದಿಂದ ನಮ್ಮ ಕೂಸಿನ ಪಾಲನ್ನು ನಾವು ಕಿತ್ತುಕೊಂಡೆವು. ಪಶುವಿಗೆ ಸಲ್ಲಿಸಿದ ನ್ಯಾಯವನ್ನು ಮಗುವಿಗೆ ಸಲ್ಲಿಸಲಿಲ್ಲ.

ಸೂತಕದ ಮಾತೂ ಇಲ್ಲಿ ಬರುತ್ತದೆ. ಜನನ ಸೂತಕವನ್ನು ಪಾಲಿಸುವುದನ್ನು ನಾನು ವಿರೋಧಿಸುವವನಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಪಾಲಿಸುತ್ತೇವೆ. ಆದರೆ ಸೂತಕವು ಜಿನಪೂಜೆಗೆ, ಅಭಿಷೇಕಕ್ಕೆ, ಮುನಿಗಳ ಆಹಾರದಾನಕ್ಕೆ ಸಂಬಂಧಿಸಿದ ಮರ್ಯಾದೆ. ತಾಯಿ ಮತ್ತು ಕೂಸಿನ ನಡುವೆ ಅದಕ್ಕೆ ಪ್ರವೇಶವಿಲ್ಲ. ಸೂತಕವಿರುವುದು ಇಬ್ಬರಿಗೂ ಒಂದೇ ಆದಮೇಲೆ, ಒಬ್ಬರಿಂದ ಇನ್ನೊಬ್ಬರಿಗೆ ಅಶುದ್ಧಿ ಹೇಗೆ ತಗಲೀತು?

ಶಾಸ್ತ್ರವೇ ಈ ವಿಷಯದಲ್ಲಿ ನಮಗಿಂತ ಮುಂದಿದೆ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ಶ್ರಾವಕರ ಗರ್ಭಾನ್ವಯ ಕ್ರಿಯೆಗಳು 53 ಎಂದು ಹೇಳಿದೆ. ಅವುಗಳಲ್ಲಿ ಶಿಶು ಜನಿಸಿದಾಗ ಮಾಡತಕ್ಕದ್ದು ಪ್ರಿಯೋದ್ಭವ ಕ್ರಿಯೆ. ಅದರ ಮಂತ್ರವಿಧಿಯಲ್ಲಿ ತಾಯಿಯ ಸ್ತನವನ್ನು ಅಭಿಮಂತ್ರಿಸಿ ಶಿಶುವಿನ ಬಾಯಿಗೆ ಇಡಬೇಕೆಂದು ಹೇಳಿದೆ. ಮೊದಲ ಸ್ತನ್ಯಪಾನವು ಅಲ್ಲಿ ಸಂಸ್ಕಾರದ ಒಂದು ಅಂಗ. ಸಂಸ್ಕಾರ ಮುಗಿಯುವವರೆಗೆ ಕಾಯಬೇಕಾದ ವಸ್ತುವಲ್ಲ. ಅನ್ನಪ್ರಾಶನ ಬರುವುದು ಎಷ್ಟೋ ತಿಂಗಳುಗಳ ಮೇಲೆ. ನಡುವೆ ಬೆಲ್ಲದ ನೀರಿಗೆ ಯಾವ ಕ್ರಿಯೆಯೂ ಇಲ್ಲ.

ಕೆಲವರು ಇನ್ನೊಂದು ಮಾತನ್ನು ಎತ್ತುವುದುಂಟು: ತೀರ್ಥಂಕರ ಶಿಶುವು ತಾಯಿಯ ಹಾಲನ್ನು ಕುಡಿಯಲಿಲ್ಲ, ಇಂದ್ರನು ಆತನ ಹೆಬ್ಬೆರಳಿನಲ್ಲಿ ಅಮೃತವನ್ನಿರಿಸಿದನು ಎಂದು. ನಿಜ, ಪುರಾಣಗಳು ಹಾಗೆ ಹೇಳುತ್ತವೆ. ಅದು ತೀರ್ಥಂಕರ ಪುಣ್ಯಪ್ರಕೃತಿಯ ಅತಿಶಯ. ಆದರೆ ಅಲ್ಲಿಯೂ ಶಿಶುವನ್ನು ಹಸಿವಿನಿಂದ ಇಡಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಮನೆಗಳಲ್ಲಿ ಹುಟ್ಟುವ ಕೂಸು ತನ್ನ ಹೆಬ್ಬೆರಳನ್ನು ಚೀಪಿದರೆ ಅದರಲ್ಲಿ ಅಮೃತವಿಲ್ಲ. 'ನನಗೆ ಹಸಿವಾಗಿದೆ' ಎಂಬ ಅದರ ಭಾಷೆ ಅದು. ಅಮೃತವಿರುವುದು ತಾಯಿಯ ಎದೆಯಲ್ಲಿ.

ಇದು ಬರಿಯ ಉಪಮೆಯಲ್ಲ. ನಾವು ಚೆಲ್ಲಿದ ಆ ಹಳದಿ ಹಾಲಿನಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳೂ ಬಿಳಿಯ ರಕ್ತಕಣಗಳೂ 'ಎ' ಜೀವಸತ್ವವೂ ತುಂಬಿರುತ್ತವೆ. ಕೂಸಿನ ಹೊಟ್ಟೆಯಲ್ಲಿರುವ ಕಪ್ಪು ಮಲವನ್ನು ಹೊರಹಾಕಲು ಅದೇ ಸಹಾಯಕ. ಅದಕ್ಕಾಗಿ ಔಡಲೆಣ್ಣೆ ಕುಡಿಸಬೇಕಾಗಿಲ್ಲ. ಅದರ ಪ್ರಮಾಣ ಕಡಮೆ ಎಂಬುದೇ ಹಿರಿಯರ ಹೆದರಿಕೆ. ಆದರೆ ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾಗುವುದು ಒಂದೆರಡು ಚಹಾ ಚಮಚದಷ್ಟೇ. ಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ಅದು ಬರುವುದೂ ಕೂಸು ಮೇಲಿಂದ ಮೇಲೆ ಚೀಪಿದರೆ. ದಿನರಾತ್ರಿ ಸೇರಿ 8ರಿಂದ 12 ಸಲ ಎದೆಗೆ ಹಚ್ಚಬೇಕೆಂದು ವೈದ್ಯರು ಹೇಳುತ್ತಾರೆ. ವ್ಯಾಪಾರಿಯಾದ ನನಗೆ ಇದು ಸುಲಭವಾಗಿ ಅರ್ಥವಾಯಿತು: ಬೇಡಿಕೆ ಬಂದಷ್ಟೇ ಪೂರೈಕೆ. ಬೇರೆ ಹಾಲು ಕುಡಿಸಿ ಕೂಸಿನ ಹಸಿವನ್ನು ತಣಿಸಿದರೆ ಬೇಡಿಕೆ ನಿಲ್ಲುತ್ತದೆ, ಹಾಲೂ ಹಿಂಗುತ್ತದೆ. ಆಮೇಲೆ 'ತಾಯಿಗೆ ಹಾಲಿಲ್ಲ' ಎಂಬ ಅಪವಾದ ಬೇರೆ.

ನೀರಿನ ವಿಷಯದಲ್ಲಿಯೂ ನಾವು ಮೋಸ ಹೋಗಿದ್ದೇವೆ. ಬಟ್ಟೆಯಲ್ಲಿ ಸೋಸುವುದು ನಮ್ಮ ಧರ್ಮ. ಆದರೆ ಭೇದಿ ತರುವ ರೋಗಾಣುಗಳು ಬಟ್ಟೆಯ ಎಳೆಗಳ ನಡುವೆ ನುಸುಳುವಷ್ಟು ಸೂಕ್ಷ್ಮ. ತಾಯಿಯ ಹಾಲಿನಲ್ಲಿ ನೂರಕ್ಕೆ 87ರಷ್ಟು ಭಾಗ ನೀರೇ ಇರುವುದರಿಂದ, ಬೀದರದ ವೈಶಾಖದ ಬಿಸಿಲಿನಲ್ಲಿಯೂ ಆರು ತಿಂಗಳ ಒಳಗಿನ ಕೂಸಿಗೆ ಬೇರೆ ನೀರು ಬೇಕಾಗಿಲ್ಲ. ಇನ್ನು ಜೇನು: ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಕದಿಂದ ಒಂದು ವರ್ಷದೊಳಗಿನ ಮಕ್ಕಳಿಗೆ ಅಪಾಯವುಂಟೆಂದು ವೈದ್ಯಶಾಸ್ತ್ರ ಎಚ್ಚರಿಸುತ್ತದೆ. ಮಧುತ್ಯಾಗವೆಂಬ ನಮ್ಮ ಮೂಲಗುಣ ಈ ಒಂದು ವಿಷಯದಲ್ಲಿ ನಮಗರಿಯದಂತೆಯೇ ನಮ್ಮ ಕೂಸುಗಳನ್ನು ಕಾಯ್ದಿದೆ.

ನನ್ನ ಆಲೋಚನೆಯಲ್ಲಿ ಅಂಗಡಿಯ ಲೆಕ್ಕವೂ ಬರಬೇಕು. ಆ ಕಾಲದಲ್ಲಿ ಹಾಲಿನ ಪುಡಿಯ ಡಬ್ಬಿಗಳನ್ನು ನಾನು ಮಾರುತ್ತಿದ್ದೆ. ದುಂಡು ಕೆನ್ನೆಯ ಮಗುವಿನ ಚಿತ್ರದ ಫಲಕ ಅಂಗಡಿಯ ಮುಂದೆ ತೂಗುತ್ತಿತ್ತು. ಇಂತಿಷ್ಟು ಡಬ್ಬಿ ಮಾರಿದರೆ ಸ್ಟೀಲ್ ಪಾತ್ರೆ ಕೊಡುವುದಾಗಿ ಕಂಪನಿಯೊಂದರ ಏಜೆಂಟರು ಆಸೆ ತೋರಿಸಿದ್ದರು. ಪಾತ್ರೆಗಳನ್ನು ನಾನು ಪಡೆದೂ ಇದ್ದೆ. ಶಿಶು ಆಹಾರ ಮತ್ತು ಹಾಲಿನ ಬಾಟಲಿಗಳ ಮಾರಾಟವನ್ನು ನಿಯಂತ್ರಿಸುವ ಕೇಂದ್ರ ಕಾನೂನು 1992ರಲ್ಲಿ ಬಂದು, 1993ರ ಆಗಸ್ಟ್ 1ರಿಂದ ಜಾರಿಯಾಯಿತು. ಜಾಹೀರಾತು, ಉಚಿತ ಮಾದರಿ, ಉಡುಗೊರೆ, ಡಬ್ಬಿಯ ಮೇಲೆ ಮಗುವಿನ ಚಿತ್ರ, ಎಲ್ಲವೂ ನಿಷಿದ್ಧವಾದವು. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಕಾನೂನು ಬಂದಿತೆಂದು ನಾನು ಫಲಕವನ್ನು ಇಳಿಸಿದೆ. ಆದರೆ ಡಬ್ಬಿ ಇಡುವುದನ್ನೇ ನಿಲ್ಲಿಸಿದ್ದು ಆ ಏಳನೆಯ ಅಧ್ಯಾಯದ ಅನಂತರ. ನಿಜವಾಗಿ ಅಗತ್ಯವಿದ್ದವರಿಗೆ ಔಷಧಿ ಅಂಗಡಿ ಇದ್ದೇ ಇದೆ. ಬೇಡದವರಿಗೂ ಬೇಕೆನ್ನಿಸಿ ಮಾರುವ ಕೆಲಸ ನನ್ನದಾಗಬಾರದೆಂದು ನಿಶ್ಚಯಿಸಿದೆ.

ಇಷ್ಟೆಲ್ಲ ತಿಳಿದವನ ತಿಳಿವಳಿಕೆ ಸಮಯಕ್ಕೆ ಎಷ್ಟು ಒದಗುತ್ತದೆಂಬ ಪರೀಕ್ಷೆ 2022ರಲ್ಲಿ ಬಂದಿತು. ಆ ಎರಡನೆಯ ಮಗಳು ಚೊಚ್ಚಲ ಹೆರಿಗೆಗೆ ಭಾಲ್ಕಿಗೆ ಬಂದಳು. ಏಳನೆಯ ತಿಂಗಳಿನಲ್ಲಿಯೇ ಮನೆಯವರೆಲ್ಲ ಕುಳಿತು ಮಾತಾಡಿದೆವು. ಹೆರಿಗೆಯಾದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು, ಶಸ್ತ್ರಕ್ರಿಯೆಯಾದರೂ ಇದಕ್ಕೆ ಸಹಾಯ ಮಾಡಬೇಕು ಎಂದು ಆಸ್ಪತ್ರೆಯವರನ್ನು ಮೊದಲೇ ಕೇಳಿಕೊಂಡೆವು. ಮೊಲೆತೊಟ್ಟು ಒಳಸರಿದಿದೆಯೇ ಎಂಬುದನ್ನು ವೈದ್ಯೆ ಮೊದಲೇ ಪರೀಕ್ಷಿಸಿದರು. ರಾತ್ರಿ ಯಾರು ಜೊತೆಗಿರಬೇಕು, ಕೂಸನ್ನು ಎತ್ತಿ ಕೊಡುವವರು ಯಾರು ಎಂಬುದು ನಿಶ್ಚಯವಾಯಿತು. ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಬೆಲ್ಲ, ಘುಟ್ಟಿ, ಬಾಟಲಿ ಯಾವುದೂ ಇರಬಾರದೆಂದು ನನ್ನ ಧರ್ಮಪತ್ನಿ ಹೇಳಿದಳು. ಅವಳು ಅದನ್ನು ಹೇಳಿದ ಧ್ವನಿಯನ್ನು ಕೇಳಿದ ಮೇಲೆ ಯಾರೂ ಎದುರು ಮಾತಾಡಲಿಲ್ಲ.

ಬೀದರದಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾಯಿತು, ಗಂಡು ಕೂಸು. ಮೊದಲ ದಿನ ಎಲ್ಲವೂ ಸರಿಯಾಗಿತ್ತು. ಎರಡನೆಯ ರಾತ್ರಿ ಕೂಸು ಅಳು ನಿಲ್ಲಿಸಲಿಲ್ಲ. ಮಗಳು ಹೊಲಿಗೆಯ ನೋವಿನಿಂದ ಅಳುತ್ತಿದ್ದಳು. 'ಹಾಲು ಬಂದಿಲ್ಲ, ಡಬ್ಬಿ ತನ್ನಿ' ಎಂದು ಪಕ್ಕದ ಹಾಸಿಗೆಯ ಕಡೆಯವರೂ ಸಿಬ್ಬಂದಿಯಲ್ಲೊಬ್ಬರೂ ಹೇಳಿದರು. ಮೂವತ್ತಾರು ವರ್ಷಗಳ ಹಿಂದೆ ಕಟ್ಟೆಯ ಮೇಲೆ ಕುಳಿತಿದ್ದವನು ಈಗ ಮೆಟ್ಟಿಲಿಳಿದು ಓಡಿದೆ. ಔಷಧಿ ಅಂಗಡಿಯಲ್ಲಿ ಡಬ್ಬಿಯನ್ನು ಕೈಗೆತ್ತಿಕೊಂಡು ಹಣವನ್ನೂ ತೆಗೆದೆ. ಹಸಿದ ಕೂಸಿನ ಅಳು ಕಿವಿಯಲ್ಲಿರುವಾಗ ಶಾಸ್ತ್ರವೂ ಕಾನೂನೂ ನೆನಪಿಗೆ ಬರುವುದಿಲ್ಲ. ಕಣ್ಣಿಗೆ ಬಿದ್ದದ್ದು ಡಬ್ಬಿಯ ಮೇಲೆ ಅಚ್ಚಾಗಿದ್ದ ಸೂಚನೆ: ತಾಯಿಯ ಹಾಲೇ ಮಗುವಿಗೆ ಶ್ರೇಷ್ಠವೆಂಬ ಅರ್ಥದ್ದು. ಕಾನೂನು ಅದನ್ನು ಅಲ್ಲಿ ಅಚ್ಚು ಹಾಕಿಸಿದೆ. ಡಬ್ಬಿಯನ್ನು ಅಲ್ಲಿಯೇ ಇಟ್ಟು, ಮೊದಲು ವೈದ್ಯರನ್ನು ಕೇಳೋಣವೆಂದು ಮೇಲೆ ಬಂದೆ.

ಕರ್ತವ್ಯದಲ್ಲಿದ್ದ ತರುಣ ವೈದ್ಯೆ ಬಂದು ಕೂಸನ್ನು ನೋಡಿದರು. ಎಷ್ಟು ಸಲ ಮೂತ್ರ ಮಾಡಿದೆ ಎಂದು ಕೇಳಿದರು; ಆ ದಿನ ಎರಡು ಸಲ ಮಾಡಿತ್ತು. ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜವೆಂದೂ, ಹುಟ್ಟಿದಾಗಿನ ತೂಕ ಎರಡು ವಾರದೊಳಗೆ ಮರಳುತ್ತದೆಂದೂ, ಈ ಕೂಸಿನ ಇಳಿಕೆ ಮಿತಿಯೊಳಗೇ ಇದೆಯೆಂದೂ ತಿಳಿಸಿದರು. ಆಮೇಲೆ ತಾಯಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹೊಲಿಗೆಗೆ ತಗಲದಂತೆ ದಿಂಬಿಟ್ಟು, ಕೂಸಿನ ಇಡಿಯ ಮೈ ತಾಯಿಯ ಕಡೆಗೆ ತಿರುಗುವಂತೆ ಮಲಗಿಸಿದರು. ಬಾಯಿ ಅಗಲವಾಗಿ ತೆರೆದಾಗ, ಬರಿಯ ತೊಟ್ಟಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ, ಗದ್ದ ಎದೆಗೆ ತಾಗುವಂತೆ ಹಚ್ಚಿದರೆಂದು ನನ್ನ ಧರ್ಮಪತ್ನಿ ಆಮೇಲೆ ವಿವರಿಸಿದಳು. ಅಳು ನಿಂತಿತು. ಕೊರತೆಯಿದ್ದದ್ದು ಹಾಲಿನದಲ್ಲ, ತೋರಿಸಿಕೊಡುವವರದು. ಮೂರನೆಯ ದಿನ ಸಂಜೆಗೆ ಹಾಲು ತುಂಬಿ ಬಂದಿತು. ಆರನೆಯ ದಿನದ ಹೊತ್ತಿಗೆ ಕೂಸು ದಿನಕ್ಕೆ ಆರೇಳು ಸಲ ಬಟ್ಟೆ ಒದ್ದೆ ಮಾಡುತ್ತಿತ್ತು.

ವೈದ್ಯೆ ಪರೀಕ್ಷಿಸಿ, ಡಬ್ಬಿಯ ಹಾಲು ಬೇಕೇಬೇಕೆಂದು ಹೇಳಿದ್ದರೆ ನಾನು ತಪ್ಪದೆ ತರುತ್ತಿದ್ದೆ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಕೂಸು ಮಂಕಾಗಿ ಮಲಗಿ ಚೀಪದಿದ್ದರೆ, ಮೂತ್ರ ಕಡಮೆಯಾದರೆ, ಮೊದಲ ದಿನವೇ ಮೈ ಹಳದಿಯಾದರೆ, ಜ್ವರ ಬಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೆಲವು ತಾಯಂದಿರಿಗೆ ರೋಗದಿಂದಲೋ ಔಷಧದಿಂದಲೋ ಹಾಲೂಡಿಸಲು ಆಗದಿರಬಹುದು. ಎಷ್ಟು ಪ್ರಯತ್ನಿಸಿದರೂ ಕೆಲವರಿಗೆ ಹಾಲು ಸಾಲದಿರಬಹುದು. ಅಂಥವರನ್ನು ದೂಷಿಸುವುದು ಮತ್ತೊಂದು ಹಿಂಸೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ದಾನಿ ತಾಯಂದಿರ ಹಾಲನ್ನು ಸಂಗ್ರಹಿಸಿ ಕೊಡುವ ಹಾಲಿನ ಬ್ಯಾಂಕು ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿಯೇ ಆರಂಭವಾಯಿತು. ಕೂಸು ಹಸಿಯಬಾರದು ಎಂಬುದೇ ಮೊದಲ ನಿಯಮ. ಉಳಿದದ್ದೆಲ್ಲ ಅದರ ಅನಂತರ.

ಅನ್ನಪಾನನಿರೋಧದ ಮಾತು ತಾಯಿಗೂ ಅನ್ವಯಿಸುತ್ತದೆ. ಬಾಣಂತಿಗೆ ನೀರು ಕಡಮೆ ಕೊಡುವುದು, ಪಥ್ಯವೆಂದು ಕಾಯಿಪಲ್ಲೆ ಬೇಳೆಗಳನ್ನು ಬಿಡಿಸುವುದು ನಮ್ಮ ಕಡೆ ಇನ್ನೂ ಇದೆ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ರಾತ್ರಿ ಕೂಸಿನೊಡನೆ ನಾಲ್ಕಾರು ಸಲ ಏಳುವವಳಿಗೆ ಹಸಿವೂ ಆಗುತ್ತದೆ. ರಾತ್ರಿಭೋಜನ ತ್ಯಾಗವನ್ನು ನಾನು ಜೀವನವಿಡೀ ಪಾಲಿಸಿದ್ದೇನೆ. ಆದರೆ ವ್ರತವೆಂಬುದು ಸ್ವೀಕರಿಸಿದವರದು. ತನ್ನ ಶಕ್ತಿಯನ್ನು ತಿಳಿದು, ಬೇಕಾದರೆ ತ್ಯಾಗಿಗಳ ಸಲಹೆ ಪಡೆದು, ಆ ತಾಯಿಯೇ ನಿರ್ಧರಿಸಲಿ. ಅತ್ತೆ ಮಾವಂದಿರು ಸೊಸೆಯ ಹೊಟ್ಟೆಯಿಂದ ವ್ರತ ಮಾಡುವಂತಿಲ್ಲ.

ಇಂದು ಹೆರಿಗೆಗಳು ಬಹುಪಾಲು ಆಸ್ಪತ್ರೆಗಳಲ್ಲಿ ಆಗುತ್ತಿರುವಾಗ ಈ ಹಳೆಯ ಕಥೆ ಏಕೆ ಎನ್ನಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ದೊರೆತದ್ದು ನೂರರಲ್ಲಿ ಸುಮಾರು 42 ಮಕ್ಕಳಿಗೆ ಮಾತ್ರ. ಹೆರಿಗೆಯ ಸ್ಥಳ ಬದಲಾಗಿದೆ, ಹೊಸ್ತಿಲ ಒಳಗಿನ ನಂಬಿಕೆ ಅಷ್ಟು ಬದಲಾಗಿಲ್ಲ. ಆಶಾ ಕಾರ್ಯಕರ್ತೆಯರು ಹೆರಿಗೆಯ ಅನಂತರ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರುವ ವ್ಯವಸ್ಥೆಯಿದೆ. ನಮ್ಮ ಕೆಲವು ಮನೆಗಳಲ್ಲಿ ಅವರನ್ನು ಅಂಗಳದಲ್ಲಿಯೇ ನಿಲ್ಲಿಸಿ ಕಳುಹಿಸುವುದನ್ನು ಕಂಡಿದ್ದೇನೆ. ಅವರನ್ನು ಬಾಣಂತಿಯ ಬಳಿಗೆ ಬಿಡಬೇಕು.

ಮಂದಿರಗಳ ಟ್ರಸ್ಟುಗಳಿಗೂ ಒಂದು ಬಿನ್ನಹವಿದೆ. ಪಂಚಕಲ್ಯಾಣ ಮಹೋತ್ಸವದಲ್ಲಿ ಜನ್ಮಕಲ್ಯಾಣದ ದಿನ ಬಾಲ ಜಿನನ ತೊಟ್ಟಿಲು ತೂಗಲು ನಾವು ಸವಾಲು ಕೂಗಿ ಸಾವಿರಗಟ್ಟಲೆ ಕೊಡುತ್ತೇವೆ, ನಾನೂ ಕೂಗಿದ್ದೇನೆ. ಅದೇ ಮಂಟಪದ ಹಿಂದೆ, ಅಳುವ ಕೂಸನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಾಲೂಡಿಸಲು ಮರೆ ಹುಡುಕುತ್ತ ಬಿಸಿಲಿನಲ್ಲಿ ನಿಂತ ತಾಯಂದಿರನ್ನೂ ಕಂಡಿದ್ದೇನೆ. ಸೂತಕ ಕಳೆದು ಬಂದ ತಾಯಂದಿರಿಗಾಗಿ ಧರ್ಮಶಾಲೆಯಲ್ಲಿ ಒಂದು ಕೋಣೆ, ಒಂದು ಫ್ಯಾನು, ಕುಡಿಯಲು ಸೋಸಿ ಕಾಯಿಸಿದ ನೀರು, ಇಷ್ಟಕ್ಕೆ ಹೆಚ್ಚು ವೆಚ್ಚವಿಲ್ಲ. ವರ್ಷಕ್ಕೊಮ್ಮೆ, ಆಗಸ್ಟ್ ಮೊದಲ ವಾರ ನಡೆಯುವ ಸ್ತನ್ಯಪಾನ ಸಪ್ತಾಹದಲ್ಲಾದರೂ, ವೈದ್ಯೆಯೊಬ್ಬರನ್ನು ಕರೆಯಿಸಿ ಗರ್ಭಿಣಿಯರಿಗೂ, ಮುಖ್ಯವಾಗಿ ಅವರ ಅತ್ತೆ ಮತ್ತು ತಾಯಂದಿರಿಗೂ ತಿಳಿವಳಿಕೆ ಕೊಡಿಸಬಹುದು. ಗಂಡಸರನ್ನೂ ಕೂಡಿಸಬೇಕು. ಆಹಾರದಾನ, ಔಷಧದಾನ, ಜ್ಞಾನದಾನ, ಅಭಯದಾನ ಈ ನಾಲ್ಕೂ ಈ ಒಂದು ಕೆಲಸದಲ್ಲಿ ಕೂಡಿವೆ.

ಮೊಮ್ಮಗನಿಗೆ ಎರಡು ತಿಂಗಳು ತುಂಬಿದಾಗ ಅವನನ್ನು ಔರಾದಕ್ಕೆ ಒಯ್ದೆವು. ನನ್ನ ಅತ್ತೆಯವರಿಗೆ ಆಗ ತೊಂಬತ್ತರ ಹತ್ತಿರ ವಯಸ್ಸು, ಕಣ್ಣು ಮಂಜಾಗಿತ್ತು. ಅಂದಿನ ಬಾಣಂತನವನ್ನು ನಡೆಸಿದವರು ಅವರೇ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ತೋಳನ್ನು ಒತ್ತಿ ನೋಡಿ, 'ಏನು ಕುಡಸ್ತೀರಿ?' ಎಂದು ಕೇಳಿದರು. 'ತಾಯಿ ಹಾಲಷ್ಟೇ, ಹುಟ್ಟಿದ ತಾಸಿನಿಂದ' ಎಂದಳು ನನ್ನ ಧರ್ಮಪತ್ನಿ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಮಗ ಯಾರು ಹೇಳ್ಯಾರವ್ವಾ? ಹೇಳಿದ್ದರ ನಾವೂ ಕುಡಸ್ತಿದ್ದಿವಿ' ಎಂದರು. ನನ್ನ ಧರ್ಮಪತ್ನಿ ಅವರ ಪಕ್ಕಕ್ಕೆ ಸರಿದು ಕುಳಿತು ಅವರ ಕೈ ಹಿಡಿದುಕೊಂಡಳು. ಇಬ್ಬರೂ ಆ ಮೊದಲ ಕೂಸಿನ ಮಾತೆತ್ತಲಿಲ್ಲ.

ಅತ್ತೆಯವರ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಶಾಸ್ತ್ರ ಓದಿದ ನಾವು. ನಮಗೆ ಓದಲು ಬರುತ್ತಿತ್ತು. ಅವರಿಗೆ ನಾವು ಓದಿ ಹೇಳಲಿಲ್ಲ. ಪ್ರತಿವರ್ಷ ಏಳನೆಯ ಅಧ್ಯಾಯದ ದಿನ ಈಗ ನಾನು ಸ್ವಾಧ್ಯಾಯ ಮುಗಿದ ಮೇಲೆ ಐದನೆಯ ಅತಿಚಾರದ ಅರ್ಥವನ್ನು ಹೆಂಗಸರು ಗಂಡಸರು ಕೂಡಿದ ಸಭೆಯಲ್ಲಿ ಬಿಡಿಸಿ ಹೇಳುತ್ತೇನೆ. ಎತ್ತಿನ ಉದಾಹರಣೆಯೊಡನೆ ಕೂಸಿನ ಉದಾಹರಣೆಯನ್ನೂ ಹೇಳುತ್ತೇನೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಗರ್ಭಿಣಿಯರಿದ್ದರೆ, ಅವರು ಆಸ್ಪತ್ರೆಗೆ ಹೊರಡುವ ಮೊದಲೇ ಮನೆಯ ಹಿರಿಯರು ಒಂದು ಮಾತು ಹೇಳಲಿ: ಮೊದಲ ಹಾಲು ಕೂಸಿನ ಪಾಲು, ಅದನ್ನು ಈ ಮನೆಯಲ್ಲಿ ಯಾರೂ ತಡೆಯುವುದಿಲ್ಲ ಎಂದು.

ಜೈ ಜಿನೇಂದ್ರ.